ಕುಮಾರ ಪರ್ವತದಲ್ಲಿ ಮುನ್ನೂರರ ಲೆಕ್ಕ: ಒಂದು ಚಾರಣ ಹಾದಿಯ ಪ್ರಕರಣ ಅಧ್ಯಯನ

2024ರ ಗಣರಾಜ್ಯೋತ್ಸವ ಶುಕ್ರವಾರ ಬಂತು. ಶನಿವಾರ, ಭಾನುವಾರ ಸೇರಿ ಮೂರು ದಿನ ಸಾಲು ರಜೆ. ಸಾವಿರಾರು ಮಂದಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದಿಳಿದು ಕುಮಾರ ಪರ್ವತದ ಹಾದಿ ಹಿಡಿದರು. ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಂತ ಜನಸಾಲಿನ ವಿಡಿಯೋಗಳು ನಾಡಿನಾದ್ಯಂತ ಹರಿದಾಡಿದವು. ಅದರ ಬೆನ್ನಲ್ಲೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಹಾದಿಗಳನ್ನು ತಾತ್ಕಾಲಿಕವಾಗಿ ಮುಚ್ಚಲು ಸೂಚಿಸಿದರು. ಆಮೇಲೆ ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. 2024ರ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಟಿಕೆಟ್ ಕೊಡುವ ವ್ಯವಸ್ಥೆ ಶುರುವಾಯಿತು.

ಮಿತಿ ಹಾಕಿದ್ದು ಸರಿಯಾದ ಕೆಲಸ, ತಡವಾಗಿ ಆದರೂ. ಆದರೆ 300 ಎನ್ನುವುದು ಗೇಟಿನ ಲೆಕ್ಕ. ಗೇಟು ದಾಟಿದ ಮೇಲೆ ಈ 300 ಜನ ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ, ಏನು ಹೊತ್ತಿರುತ್ತಾರೆ, ಎಲ್ಲಿ ಶೌಚಕ್ಕೆ ಕೂರುತ್ತಾರೆ, ಯಾರ ಕೈಯಲ್ಲಿ ಊಟ ಮಾಡುತ್ತಾರೆ ಎನ್ನುವುದರ ಮೇಲೆ ಬೆಟ್ಟದ ಗತಿ ನಿಂತಿದೆ. ಈ ಅಧ್ಯಯನದ ವಿಷಯ ಅದೇ.

ಹಾದಿ ಮತ್ತು ಅದರ ಒಡೆತನ

ಕುಮಾರ ಪರ್ವತದ ಎತ್ತರ 1,712 ಮೀಟರ್. ತಡಿಯಂಡಮೋಳ್ (1,748 ಮೀಟರ್) ಬಿಟ್ಟರೆ ಕೊಡಗಿನಲ್ಲಿ ಇದೇ ದೊಡ್ಡದು. ತುದಿ ಇರುವುದು ಪುಷ್ಪಗಿರಿ ವನ್ಯಜೀವಿಧಾಮದೊಳಗೆ. 2012ರಲ್ಲಿ ಪಶ್ಚಿಮ ಘಟ್ಟದ ತಾಣಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ತಲಕಾವೇರಿ ಉಪಗುಚ್ಛದ ಭಾಗವಾಗಿ ಪುಷ್ಪಗಿರಿಯೂ ಸೇರಿತು. ಹತ್ತಲು ಎರಡು ದಾರಿ. ಸೋಮವಾರಪೇಟೆ ಕಡೆಯ ಬೀದಳ್ಳಿ–ಹೆಗ್ಗಡೆಮನೆ ದಾರಿ ಒಂದು ಬದಿಗೆ ಆರೇಳು ಕಿಲೋಮೀಟರ್. ಕುಕ್ಕೆಯ ದಾರಿ ಅದರ ಎರಡರಷ್ಟು ಉದ್ದ, ಮೇಲಾಗಿ 1,500 ಮೀಟರಿಗೂ ಹೆಚ್ಚಿನ ಏರು. ಜನ ಹೆಚ್ಚು ಹೋಗುವುದು ಕುಕ್ಕೆಯಿಂದಲೇ, ಕಾರಣ ಸರಳ: ಬೆಂಗಳೂರಿನಿಂದ ರಾತ್ರಿ ಬಸ್ಸಿದೆ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ರೈಲಿದೆ, ಸ್ನಾನಕ್ಕೂ ತಿಂಡಿಗೂ ಊರಿದೆ.

ಕುಕ್ಕೆ ದಾರಿಯ ಮೊದಲ ಭಾಗ ದಟ್ಟ ಕಾಡು. ಬೇರುಗಳ ಮೆಟ್ಟಿಲು, ಭೀಮನ ಬಂಡೆ, ಮತ್ತೆ ಕಾಡು. ಗಿರಿಗದ್ದೆಯಲ್ಲಿ ಕಾಡು ಮುಗಿದು ಹುಲ್ಲುಗುಡ್ಡ ತೆರೆದುಕೊಳ್ಳುತ್ತದೆ. ಚಾರಣಿಗರಿಗೆ ಊಟ ಹಾಕುತ್ತಿದ್ದ ಭಟ್ಟರ ಮನೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವುದು ಅಲ್ಲಿ. ಅಲ್ಲಿಂದ ಕಲ್ಲು ಮಂಟಪ, ಬಿಸಿಲಿಗೆ ಮೈಯೊಡ್ಡಿದ ಕಡಿದಾದ ಏರು, ಶೇಷ ಪರ್ವತ. ಶೇಷ ಪರ್ವತದಿಂದ ಇಳಿದು ಶೋಲಾ ಕಾಡಿನ (ಎತ್ತರದ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಕುಳ್ಳು ಮರಗಳ ದಟ್ಟ ಕಾಡು) ಒಂದು ತುಂಡು ದಾಟಿದರೆ ನೀರು ಜಿನುಗುವ ಕಡಿದಾದ ಬಂಡೆ ಸಿಗುತ್ತದೆ. ಅದನ್ನು ಹತ್ತಿದರೆ ತುದಿ ಹತ್ತಿರ.

ಹಾದಿಯ ಬುಡ ದಕ್ಷಿಣ ಕನ್ನಡದಲ್ಲಿ, ತುದಿ ಕೊಡಗಿನಲ್ಲಿ. ಬುಡದ ಕಾಡು ಒಂದು ಅರಣ್ಯ ವಿಭಾಗದ್ದು, ವನ್ಯಜೀವಿಧಾಮ ಇನ್ನೊಂದು ವಿಭಾಗದ್ದು. ಎರಡು ಬಾಗಿಲು, ಎರಡು ಕಡೆಯ ಸಿಬ್ಬಂದಿ. ಒಂದು ಬಾಗಿಲಲ್ಲಿ ಹೋದವರು ಇನ್ನೊಂದರಲ್ಲಿ ಇಳಿಯುವುದೂ ಉಂಟು. ಹಾಗಾಗಿ ಸಂಜೆಗೆ ‘ಎಲ್ಲರೂ ಇಳಿದರೇ?’ ಎಂದು ಲೆಕ್ಕ ಹಾಕುವುದು ಕಾಣುವಷ್ಟು ಸುಲಭವಲ್ಲ. ದಾರಿ ತಪ್ಪಿದವರನ್ನು ರಾತ್ರಿ ಹುಡುಕಲು ಹೋಗುವವರು ಇಲಾಖೆಯ ವಾಚರ್‌ಗಳು ಮತ್ತು ಬುಡದ ಊರಿನವರು. ಕಾಲು ಮುರಿದವರನ್ನು ಕೆಳಗಿಳಿಸಲು ಈ ಹಾದಿಯಲ್ಲಿ ವಾಹನ ಬರುವುದಿಲ್ಲ. ನಾಲ್ಕು ಹೆಗಲೇ ಗತಿ.

ಬಂಡೆಯ ಹತ್ತಿರ ಏನಾಗುತ್ತದೆ

ಮಿತಿ ಯಾಕೆ ಬೇಕು ಎಂದು ತಿಳಿಯಬೇಕಾದರೆ ಆ ಕೊನೆಯ ಬಂಡೆಯ ಬಳಿ ನಿಂತು ಲೆಕ್ಕ ಹಾಕಬೇಕು. ಹತ್ತಲು ಅನುಕೂಲವಾದ ಸಾಲು ಅಲ್ಲಿ ಒಂದೇ. ರೂಢಿಯಿದ್ದವರು ಸರಸರ ಹತ್ತುತ್ತಾರೆ. ರೂಢಿಯಿಲ್ಲದವರು ಹಿಡಿ ಹುಡುಕುತ್ತಾರೆ, ಕೆಳಗೆ ನೋಡುತ್ತಾರೆ, ಮೇಲಿನವರು ಕೈ ಕೊಡುವವರೆಗೆ ಕಾಯುತ್ತಾರೆ. ಒಬ್ಬರಿಗೆ ಸರಾಸರಿ 25 ಸೆಕೆಂಡ್ ಹಿಡಿಯಿರಿ. ನಿಮಿಷಕ್ಕೆ ಸುಮಾರು ಎರಡೂವರೆ ಜನ. 300 ಜನ ಹತ್ತಲು ಎರಡು ಗಂಟೆ. ಅವರೇ ಇಳಿಯಲು ಇನ್ನೆರಡು ಗಂಟೆ, ಇಳಿಯುವುದು ಹತ್ತುವುದಕ್ಕಿಂತ ನಿಧಾನವಾದರೆ ಇನ್ನೂ ಹೆಚ್ಚು. ಅಂದರೆ ದಿನಕ್ಕೆ ನಾಲ್ಕರಿಂದ ಐದು ಗಂಟೆ ಈ ಬಂಡೆ ಎಡೆಬಿಡದೆ ಕೆಲಸ ಮಾಡಿದರೆ 300 ಜನ ಹೋಗಿಬರಬಹುದು.

ಈಗ ಅದೇ ಲೆಕ್ಕವನ್ನು 3,000 ಜನಕ್ಕೆ ಹಾಕಿ. ಹತ್ತುವುದಕ್ಕೇ 20 ಗಂಟೆ. ಜನವರಿಯಲ್ಲಿ ಹಗಲು ಇರುವುದು ಹನ್ನೊಂದೂವರೆ ಗಂಟೆ. ಅಂಥ ದಿನ ಸರದಿ ಮುಂದೆ ಹೋಗುವುದೇ ಇಲ್ಲ. ಸರದಿಯಲ್ಲಿ ನಿಂತವರು ಏನು ಮಾಡುತ್ತಾರೆ? ಬಂಡೆಯ ಪಕ್ಕದ ಶೋಲಾಕ್ಕೆ ನುಗ್ಗಿ ಹೊಸ ದಾರಿ ಮಾಡುತ್ತಾರೆ. ಸಸಿಗಳನ್ನು ಹಿಡಿದು ಮೇಲೇರುತ್ತಾರೆ, ಸಸಿ ಕಿತ್ತು ಬರುತ್ತದೆ. ಒಮ್ಮೆ ಮಣ್ಣು ಕಂಡ ದಾರಿ ಮರುವಾರ ಬಂದವರಿಗೆ ಅಧಿಕೃತ ದಾರಿಯಾಗಿ ಕಾಣುತ್ತದೆ. ಹಾನಿ ಆ ಒಂದು ದಿನದ್ದು, ಅದರ ಬಳಕೆ ಮುಂದಿನ ಹಲವು ವರ್ಷದ್ದು.

300 ಜನರ ಮಿತಿಯಲ್ಲೂ ಇದು ಪೂರ್ತಿ ತಪ್ಪುವುದಿಲ್ಲ. ಎಲ್ಲರೂ ಬೆಳಿಗ್ಗೆ ಆರರಿಂದ ಏಳರೊಳಗೆ ಹೊರಟರೆ ಹತ್ತೂವರೆಯಿಂದ ಒಂದು ಗಂಟೆಯ ನಡುವೆ ಎಲ್ಲರೂ ಬಂಡೆಯ ಆಸುಪಾಸಿನಲ್ಲೇ ಇರುತ್ತಾರೆ. ಹತ್ತುವವರಿಗೂ ಇಳಿಯುವವರಿಗೂ ಅದೇ ಸಾಲು. ಐವತ್ತು ಐವತ್ತು ಜನರನ್ನು ಇಪ್ಪತ್ತು ನಿಮಿಷದ ಅಂತರದಲ್ಲಿ ಬಿಟ್ಟರೆ ಈ ಗಂಟು ಬಹಳಷ್ಟು ಸಡಿಲವಾಗುತ್ತದೆ. ಟಿಕೆಟ್ಟಿನ ಮೇಲೆ ತಾರೀಕಿನ ಜೊತೆಗೆ ಹೊರಡುವ ಹೊತ್ತನ್ನೂ ನಮೂದಿಸಬೇಕು. ಇದಕ್ಕೆ ಬೇಕಾದದ್ದು ದೊಡ್ಡ ಖರ್ಚಲ್ಲ, ಗೇಟಿನಲ್ಲಿ ಒಬ್ಬ ಗಟ್ಟಿ ದನಿಯ ಸಿಬ್ಬಂದಿ.

ಕಾಲಡಿಯ ಮಣ್ಣು

ಗಿರಿಗದ್ದೆಯಿಂದ ಮೇಲೆ ಹುಲ್ಲು ಮತ್ತು ಶೋಲಾ ಒಂದರ ಮಗ್ಗುಲಲ್ಲಿ ಒಂದು ಬೆಳೆಯುತ್ತವೆ. ಗುಡ್ಡದ ನೆತ್ತಿಯಲ್ಲಿ, ಗಾಳಿಗೆ ಸಿಗುವ ಕಡೆ ಹುಲ್ಲು. ಕಣಿವೆಯ ಮಡಿಲಲ್ಲಿ ಶೋಲಾ. ಮಳೆಗಾಲದ ನೀರನ್ನು ಹುಲ್ಲಿನ ಬೇರು ಹಿಡಿದು ನಿಧಾನವಾಗಿ ಶೋಲಾಕ್ಕೆ ಬಿಡುತ್ತದೆ, ಶೋಲಾ ಅದನ್ನು ತೊರೆಗೆ ಬಿಡುತ್ತದೆ. ಬೇಸಿಗೆಯಲ್ಲೂ ತೊರೆಯಲ್ಲಿ ನೀರಿರುವುದು ಈ ಏರ್ಪಾಟಿನಿಂದ.

ಹುಲ್ಲಿನ ಮೇಲೆ ಹತ್ತಾರು ಜನ ಒಂದೇ ಜಾಗದಲ್ಲಿ ನಡೆದರೆ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಣ್ಣಿನಲ್ಲಿ ನೀರು ಇಂಗುವುದಿಲ್ಲ, ಮೇಲೆಯೇ ಹರಿಯುತ್ತದೆ. ಹಾದಿ ಇಳಿಜಾರಿಗೆ ನೇರವಾಗಿದ್ದರೆ ಸೂರಿನ ನೀರು ಹರಿಯುವ ದಂಬೆಯಂತೆ ಕೆಲಸ ಮಾಡುತ್ತದೆ. ಒಂದೆರಡು ಮಳೆಗಾಲದಲ್ಲಿ ಮೊಣಕಾಲುದ್ದದ ಕೊರಕಲು. ಕೊರಕಲಿನಲ್ಲಿ ನಡೆಯುವುದು ಕಷ್ಟ, ಹಾಗಾಗಿ ಜನ ಅದರ ಅಂಚಿನ ಹುಲ್ಲಿಗೆ ಸರಿಯುತ್ತಾರೆ. ಅಲ್ಲಿಯೂ ಅದೇ ಕತೆ. ಅರ್ಧ ಮೀಟರ್ ಅಗಲದ ಕಾಲುದಾರಿ ಮೂರು ನಾಲ್ಕು ಎಳೆಯಾಗಿ ಸೀಳುವುದು ಹೀಗೆ. ಹಾದಿ ಸುತ್ತಿ ಏರುವ ಕಡೆ ತಿರುವು ಬಿಟ್ಟು ನೇರ ಕತ್ತರಿಸಿ ಇಳಿಯುವವರು ಇದನ್ನು ಇನ್ನೂ ಬೇಗ ಮಾಡುತ್ತಾರೆ.

ದುರಸ್ತಿ ಇಲ್ಲಿನವರಿಗೆ ಗೊತ್ತಿರುವ ಕೆಲಸವೇ. ಹಾದಿಗೆ ಓರೆಯಾಗಿ, ಇಳಿಜಾರಿನ ಕಡೆಗೆ ವಾಲಿಸಿ, ಅಂಗೈ ಎತ್ತರ ಹೊರಚಾಚುವಂತೆ ಕಲ್ಲಿನ ಸಾಲು ಹೂಳಬೇಕು. ನೀರು ಅದಕ್ಕೆ ಬಡಿದು ಹುಲ್ಲಿಗೆ ತಿರುಗುತ್ತದೆ. ಏರು ಕಡಿದಾದಷ್ಟೂ ಈ ಸಾಲುಗಳು ಹತ್ತಿರ ಹತ್ತಿರ ಬರಬೇಕು. ಒಂದು ಸಾಲು ತಿರುಗಿಸಿದ ನೀರು ಕೆಳಗಿನ ತಿರುವಿನ ಹಾದಿಗೇ ಬೀಳುವಂತೆ ಕಟ್ಟಿದರೆ ಕೆಲಸ ಕೆಟ್ಟಂತೆ. ಅಡ್ಡದಾರಿಗಳ ಎರಡೂ ಬಾಯಿಗೆ ಕಲ್ಲು, ಒಣ ಮುಳ್ಳುಕೊಂಬೆ ಹಾಕಿ ಮುಚ್ಚಬೇಕು. ಒಂದೇ ಬಾಯಿ ಮುಚ್ಚಿದರೆ ಇಳಿಯುವವರು ಇನ್ನೊಂದರಿಂದ ಬರುತ್ತಾರೆ. ಕೆಲಸ ಮುಂಗಾರಿಗೆ ಮೊದಲು ಮುಗಿಯಬೇಕು, ಮಳೆ ನಿಂತ ಮೇಲೆ ಇನ್ನೊಮ್ಮೆ ನೋಡಬೇಕು.

ಮಳೆಗಾಲದಲ್ಲಿ ಹಾದಿ ಮುಚ್ಚುವುದರ ಬಗ್ಗೆ ಪ್ರತಿ ವರ್ಷ ತಕರಾರು ಕೇಳುತ್ತದೆ: ‘ಹಸಿರು ನೋಡುವ ಹೊತ್ತಿಗೇ ಬಾಗಿಲು ಹಾಕುತ್ತಾರೆ’ ಎಂದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಸಾಲಾಗಿ ಜಾರಿದವು. 2022ರ ಆಗಸ್ಟ್‌ನಲ್ಲಿ ಕುಕ್ಕೆಯ ಬಳಿ ಗುಡ್ಡ ಕುಸಿದು ಇಬ್ಬರು ಮಕ್ಕಳು ತೀರಿಕೊಂಡರು. ನೀರು ಕುಡಿದ ಗುಡ್ಡದ ಕೆಳಗೆ ಮನೆ ಮಾಡಿಕೊಂಡಿರುವವರ ಪಾಲಿಗೆ ಆ ಮೂರು ತಿಂಗಳು ಹಸಿರು ನೋಡುವ ಕಾಲವಲ್ಲ. ಆ ಹೊತ್ತಿನಲ್ಲಿ ಚಾರಣಿಗರನ್ನು ಹುಡುಕುವ ಹೊರೆಯನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ.

ಬೇಸಿಗೆಯ ಅಪಾಯ ಬೇರೆ. ಜನವರಿ ಕಳೆಯುತ್ತಲೇ ಹುಲ್ಲು ಕಟ್ಟಿಗೆಯಂತೆ ಒಣಗುತ್ತದೆ. ನೆತ್ತಿಯ ಗಾಳಿಗೆ ಒಂದು ಬೀಡಿಯ ತುಂಡು ಸಾಕು. ವನ್ಯಜೀವಿಧಾಮದಲ್ಲಿ ಬೆಂಕಿ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನಡಿ ಅಪರಾಧ. ಬೆಂಕಿ ಬಿದ್ದರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸಲು ಓಡುವವರೂ ಮತ್ತೆ ಅದೇ ವಾಚರ್‌ಗಳು, ಅದೇ ಊರಿನವರು.

ನೀರು ಮತ್ತು ಶೌಚ

ಇದು ಯಾರೂ ಬಾಯಿಬಿಟ್ಟು ಮಾತಾಡದ ವಿಷಯ. ನಮ್ಮ ಅಭಿಪ್ರಾಯದಲ್ಲಿ ಪ್ಲಾಸ್ಟಿಕ್ಕಿಗಿಂತ ದೊಡ್ಡದು.

ಕುಮಾರಧಾರಾ ಹುಟ್ಟುವುದು ಈ ಬೆಟ್ಟದಲ್ಲಿ. ಅದು ಮಲ್ಲಳ್ಳಿಯಲ್ಲಿ ಧುಮುಕಿ, ಕುಕ್ಕೆಯ ಸ್ನಾನಘಟ್ಟದಲ್ಲಿ ಭಕ್ತರ ತಲೆ ನೆನೆಸಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಕುಡಿಯುವ ನೀರು. ಬೆಟ್ಟದ ಮೇಲೆ ತೊರೆಯ ಪಕ್ಕ ಕೂತವರು ಯಾರ ಲೋಟದ ಮೇಲ್ಭಾಗದಲ್ಲಿ ಕೂತಿದ್ದೇವೆಂದು ಯೋಚಿಸಬೇಕು.

ಒಬ್ಬರ ಒಂದು ದಿನದ ಮಲ 125 ಗ್ರಾಂ ಎಂದುಕೊಂಡರೂ 300 ಜನಕ್ಕೆ 37 ಕಿಲೋ ಮೀರುತ್ತದೆ. ಎಲ್ಲರೂ ಬೆಟ್ಟದ ಮೇಲೇ ಶೌಚಕ್ಕೆ ಹೋಗುವುದಿಲ್ಲ, ಸರಿ. ಕಾಲು ಭಾಗ ಹೋದರೂ ದಿನಕ್ಕೆ ಒಂಬತ್ತು ಕಿಲೋ. ಅದು ಬೀಳುವುದು ಎಲ್ಲಿ ಎಂದರೆ ನೆರಳು, ಮರೆ, ನೀರು ಮೂರೂ ಇರುವ ಕಡೆ, ಅಂದರೆ ತೊರೆಯ ಮಗ್ಗುಲಲ್ಲಿ. ಕಲ್ಲು ಮಂಟಪದ ಆಸುಪಾಸಿನ ನೀರಿನ ಜಾಗದಂಥ ಕಡೆ ಮೊದಲು ಬಂದವರು ಶೌಚಕ್ಕೆ ಕೂರುತ್ತಾರೆ, ಆಮೇಲೆ ಬಂದವರು ಬಾಟಲಿ ತುಂಬಿಕೊಳ್ಳುತ್ತಾರೆ.

ಮಾಡಬೇಕಾದ್ದು ಇಷ್ಟು. ಕುಕ್ಕೆಯಲ್ಲಿ ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ. ಅದಕ್ಕಾಗಿ ಅರ್ಧ ಗಂಟೆ ಮೊದಲೇ ಏಳಿ. ರಾತ್ರಿಯಿಡೀ ಟಿಟಿಯಲ್ಲಿ (ಟೆಂಪೊ ಟ್ರಾವೆಲರ್) ಕೂತು ಬಂದು, ಬಿಸ್ಕತ್ತು ತಿಂದು, ಐದು ನಿಮಿಷದಲ್ಲಿ ಹಾದಿ ಹಿಡಿದವರಿಗೆ ಒಂಬತ್ತು ಗಂಟೆಗೆ ಬೆಟ್ಟದ ಮೇಲೆ ಒತ್ತಡ ಬರುವುದು ಖಂಡಿತ. ಮೇಲೆ ಹೋಗಲೇಬೇಕಾದರೆ ನೀರಿನಿಂದಲೂ ಹಾದಿಯಿಂದಲೂ ಕನಿಷ್ಠ 60 ಮೀಟರ್ ದೂರ ಹೋಗಿ, ಸುಮಾರು 80 ದೊಡ್ಡ ಹೆಜ್ಜೆ. ತಂಡಕ್ಕೊಂದು ಸಣ್ಣ ಕುರ್ಪಿ ಇರಲಿ. 15 ಸೆಂಟಿಮೀಟರ್ ಆಳದ ಗುಂಡಿ, ಮೇಲೆ ಅದೇ ಮಣ್ಣು, ಅದರ ಮೇಲೆ ತರಗೆಲೆ. ಇದು ಮಣ್ಣು ಮೆತ್ತಗಿರುವ ಕಾಡಿನ ಭಾಗಕ್ಕೆ ಸರಿ. ಶೇಷ ಪರ್ವತದ ಮೇಲೆ ಬಂಡೆ ಹೆಚ್ಚು, ಅಗೆಯಲು ಆಗುವುದಿಲ್ಲ. ಹಾಗಾಗಿ ಅಲ್ಲಿಗೆ ಮುಟ್ಟುವ ಮೊದಲೇ ಮುಗಿದಿರಬೇಕು. ವೆಟ್ ವೈಪ್ಸ್ ಕಾಗದದಂತೆ ಕಂಡರೂ ಅದರಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ, ಹೂತರೆ ಕರಗುವುದಿಲ್ಲ. ವೈಪ್ಸ್, ಪ್ಯಾಡ್ ಎರಡನ್ನೂ ಪತ್ರಿಕೆಯಲ್ಲಿ ಸುತ್ತಿ, ಜಿಪ್ ಕವರಿನೊಳಗೆ ಹಾಕಿ, ಹೊರಗಿನಿಂದ ಕಾಣದಂತೆ ಒಂದು ಬಟ್ಟೆ ಚೀಲದಲ್ಲಿಟ್ಟು ಕೆಳಗೆ ತನ್ನಿ. ತಂಡದಲ್ಲಿ ಹೆಂಗಸರಿದ್ದರೆ ಈ ಚೀಲವನ್ನು ತಂಡದ ಮುಖ್ಯಸ್ಥರು ಕೇಳುವ ಮೊದಲೇ ಎಲ್ಲರಿಗೂ ಕೊಡಬೇಕು. ಕೇಳಿ ಪಡೆಯುವ ಸಂಕೋಚದಿಂದಲೇ ಎಷ್ಟೋ ಪ್ಯಾಡುಗಳು ಪೊದೆ ಸೇರುತ್ತವೆ.

ತೊರೆಯಲ್ಲಿ ಸೋಪು, ಶಾಂಪೂ ಬೇಡ. ಸ್ನಾನಘಟ್ಟದಲ್ಲೂ ಬೇಡ, ಹಳೆಯ ಬಟ್ಟೆ ಬಿಡುವುದಂತೂ ಬೇಡವೇ ಬೇಡ.

ಚೀಲದೊಳಗೆ ಏನಿರಬೇಕು

ಕಸದ ವಿಷಯದಲ್ಲಿ ಬೆಟ್ಟದ ಮೇಲೆ ಬುದ್ಧಿ ಹೇಳುವುದಕ್ಕಿಂತ ಮನೆಯಲ್ಲಿ ಚೀಲ ತುಂಬುವಾಗ ಗೆಲ್ಲುವುದು ಸುಲಭ. ಒಬ್ಬರಿಗೆ ಮೂರು ಲೀಟರ್ ನೀರು ಬೇಕು, ಬಿಸಿಲು ಜೋರಿದ್ದರೆ ನಾಲ್ಕು. ಅಂಗಡಿಯ ಒಂದು ಲೀಟರಿನ ಬಾಟಲಿಯಲ್ಲೇ ಒಯ್ದರೆ 300 ಜನಕ್ಕೆ ದಿನಕ್ಕೆ 900 ಬಾಟಲಿ. ನೂರರಲ್ಲಿ ಐದು ಮಾತ್ರ ಬೆಟ್ಟದಲ್ಲಿ ಉಳಿದರೂ ದಿನಕ್ಕೆ 45. ಸ್ಟೀಲಿನ ಅಥವಾ ಗಟ್ಟಿ ಬಾಟಲಿ ಮೂರು ಒಯ್ದರೆ ಈ ಲೆಕ್ಕವೇ ಇಲ್ಲ. ಒಂದರಲ್ಲಿ ಓಆರ್‌ಎಸ್ ಕದಡಿಕೊಳ್ಳಿ, ಪೊಟ್ಟಣವನ್ನು ಕೆಳಗೇ ಒಡೆಯಿರಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬುತ್ತಿಗೆ ಚಪಾತಿ–ಚಟ್ನಿಪುಡಿ, ಪುಳಿಯೋಗರೆ, ಅವಲಕ್ಕಿ. ಸ್ಟೀಲ್ ಡಬ್ಬಿ, ಇಲ್ಲವೇ ಬಾಳೆಲೆಯ ಕಟ್ಟು. ಚಿಪ್ಸ್, ಚಾಕೊಲೇಟ್ ಬಾರಿನ ಹೊದಿಕೆಗಳು ಪ್ಲಾಸ್ಟಿಕ್ಕಿನ ಹಲವು ಪದರ ಅಂಟಿಸಿ ಮಾಡಿದವು. ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ಬಿಡಿಸಿದ ಮೂಲೆಯ ತುಂಡು ಕೈ ಜಾರಿದರೆ ನೆತ್ತಿಯ ಗಾಳಿ ಅದನ್ನು ನೇರ ಶೋಲಾಕ್ಕೆ ಒಯ್ಯುತ್ತದೆ. ಉಪ್ಪಿನ ವಾಸನೆಗೆ ಕಡವೆ ಅದನ್ನು ನೆಕ್ಕುತ್ತದೆ, ನುಂಗುತ್ತದೆ. ಇಂಥ ತಿಂಡಿ ಬೇಕೇ ಬೇಕಾದರೆ ಮನೆಯಲ್ಲೇ ಡಬ್ಬಿಗೆ ಸುರಿದು ತನ್ನಿ. ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ‘ಮಣ್ಣಾಗುವ ವಸ್ತು’ ಎಂದು ಎಸೆಯುವವರಿದ್ದಾರೆ. ತಂಪು ಬೆಟ್ಟದಲ್ಲಿ ಅದು ತಿಂಗಳುಗಟ್ಟಲೆ ಕೂತಿರುತ್ತದೆ, ಅಲ್ಲಿಯವರೆಗೆ ಕಾಡುಪ್ರಾಣಿಗೆ ಹಾದಿಯ ಪಕ್ಕದಲ್ಲಿ ಊಟ ಹುಡುಕುವ ಚಾಳಿ ಕಲಿಸುತ್ತದೆ. ಅದೂ ಚೀಲಕ್ಕೇ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ 4ನೇ ಉಪಕಲಮು ವನ್ಯಜೀವಿಧಾಮದಲ್ಲಿ ಕಸ ಹಾಕುವುದನ್ನೂ ಪ್ರಾಣಿಗಳನ್ನು ಕೆಣಕುವುದನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದೆ. ಈ ಸಾಲನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೇಟಿನಲ್ಲಿ ನೇತುಹಾಕಿದರೆ ಸಿಬ್ಬಂದಿಗೆ ಅರ್ಧ ವಾದ ತಪ್ಪುತ್ತದೆ. ಗೇಟಿನಲ್ಲಿ ಪ್ಲಾಸ್ಟಿಕ್ ವಸ್ತು ಎಣಿಸಿ ಚೀಟಿ ಬರೆದು, ಇಳಿಯುವಾಗ ಅಷ್ಟೇ ತೋರಿಸುವ ಪದ್ಧತಿ ಹಲವು ಬೆಟ್ಟಗಳಲ್ಲಿದೆ. ಎರಡು ಬಾಗಿಲಿನ ಈ ಹಾದಿಯಲ್ಲಿ ಅದು ಸೋಲುವುದು ಒಂದೇ ಕಾರಣಕ್ಕೆ: ಕುಕ್ಕೆಯಲ್ಲಿ ಬರೆದ ಚೀಟಿ ಹೆಗ್ಗಡೆಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಟಿಕೆಟ್ಟಿನ ಕ್ಯೂಆರ್ ಕೋಡಿಗೇ ಈ ಎಣಿಕೆಯನ್ನು ಸೇರಿಸಬಹುದು.

ಮಳೆ ನಿಂತ ಹೊಸದರಲ್ಲಿ ಇಂಬಳದ ಕಾಟ ಇರುತ್ತದೆ. ಅದಕ್ಕೆ ಹಾದಿಯುದ್ದಕ್ಕೂ ಉಪ್ಪು ಚೆಲ್ಲಿಕೊಂಡು ಹೋಗಬೇಡಿ. ಒತ್ತಾದ ನೇಯ್ಗೆಯ ಉದ್ದ ಕಾಲುಚೀಲ ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದು ಕಟ್ಟಿಕೊಳ್ಳಿ. ಕಚ್ಚಿದ್ದರೆ ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಬುಡದಿಂದ ಜಾರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ. ಆನೆ, ಕಾಟಿ ಇರುವ ಕಾಡಿನಲ್ಲಿ ನಿಮ್ಮ ಕಿವಿಯೇ ನಿಮ್ಮ ಕಾವಲು.

ಹಣ ಎಲ್ಲಿ ಉಳಿಯುತ್ತದೆ

ಕುಕ್ಕೆಗೆ ಬರುವ ಭಕ್ತರಿಂದ ಅಲ್ಲಿನ ಲಾಡ್ಜು, ಹೋಟೆಲು, ಹೂವಿನಂಗಡಿ ನಡೆಯುತ್ತವೆ. ಚಾರಣಿಗರಿಂದ ಊರಿಗೆ ಉಳಿಯುವುದು ಕಡಿಮೆ. ವಾರಾಂತ್ಯದ ಪ್ಯಾಕೇಜನ್ನು ನೋಡಿ: ಬೆಂಗಳೂರಿನಲ್ಲಿ ಹಣ ಕಟ್ಟುತ್ತಾರೆ, ಬೆಂಗಳೂರಿನ ಟಿಟಿ, ಬೆಂಗಳೂರಿನ ‘ಟ್ರೆಕ್ ಲೀಡರ್’, ದಾರಿಯ ಹೋಟೆಲಿನಲ್ಲಿ ಕಟ್ಟಿಸಿದ ಪ್ಲಾಸ್ಟಿಕ್ ಡಬ್ಬಿಯ ತಿಂಡಿ. ಊರಿಗೆ ಸಿಗುವುದು ಶೌಚಾಲಯದ ಚಿಲ್ಲರೆ ಮತ್ತು ಖಾಲಿ ಡಬ್ಬಿ. ಹೀಗಿರುವಾಗ ಊರಿನವರು ಚಾರಣಿಗರನ್ನು ಅಕ್ಕರೆಯಿಂದ ನೋಡಬೇಕೆಂದು ಬಯಸುವುದು ಹೇಗೆ?

ಗಿರಿಗದ್ದೆಯ ಭಟ್ಟರ ಮನೆ ಇದಕ್ಕೆ ಉತ್ತರವಾಗಿ ದಶಕಗಳಿಂದ ಇತ್ತು. ಹೊತ್ತು ತಂದ ದಿನಸಿಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ಕುಮಾರ ಪರ್ವತಕ್ಕೆ ಹೋದ ತಲೆಮಾರುಗಳ ಚಾರಣಿಗರು ಉಂಡ ಮನೆ ಅದು. ಅಂಥ ಊಟ ಬೇಕಿದ್ದರೆ ಹೋಗುವ ಮುಂಚೆಯೇ ವಿಚಾರಿಸಿ, ಎಷ್ಟು ಜನ ಎಂದು ಖಚಿತ ಹೇಳಿ, ಬರದಿದ್ದರೆ ಹಿಂದಿನ ದಿನವೇ ತಿಳಿಸಿ. ಇಪ್ಪತ್ತು ಊಟ ಹೇಳಿ ಎಂಟು ಜನ ಬಂದರೆ ಉಳಿದ ಅನ್ನವನ್ನು ಕೊಳ್ಳುವವರು ಬೆಟ್ಟದ ಮೇಲೆ ಯಾರಿದ್ದಾರೆ? ಅದು ಹೋಟೆಲಲ್ಲ, ಮನೆ. ಅಂಗಳದಲ್ಲಿ ಬೂಟು ಕಳಚಿ, ತಟ್ಟೆ ತೊಳೆದಿಡಿ, ಮನೆಯವರ ಫೋಟೋ ತೆಗೆಯುವ ಮೊದಲು ಕೇಳಿ.

ಬೆಟ್ಟದ ಬುಡದ ಕಾಡಿನಲ್ಲಿ ಮಲೆಕುಡಿಯ ಬುಡಕಟ್ಟಿನವರಿದ್ದಾರೆ. ಚಂಪಾಷಷ್ಠಿಯ ಕುಕ್ಕೆ ಬ್ರಹ್ಮರಥವನ್ನು ಬೆತ್ತದಿಂದ ಕಟ್ಟುವುದು ಅವರ ಪಾರಂಪರಿಕ ಹಕ್ಕು. ಈ ಕಾಡಿನ ಬೆತ್ತ, ಬಳ್ಳಿ, ಹಾದಿ, ಪ್ರಾಣಿಯ ಜಾಡು ಅವರಿಗೆ ಗೊತ್ತಿದ್ದಷ್ಟು ನಗರದಿಂದ ಬಂದ ತಂಡದ ಮುಖ್ಯಸ್ಥನಿಗೆ ಗೊತ್ತಿರಲಾರದು. ತರಬೇತಿ ಕೊಟ್ಟು ಪ್ರಕೃತಿ ಗೈಡ್‌ಗಳಾಗಿ ಅವರನ್ನೇ ನೇಮಿಸುವುದು, ಹತ್ತು ಜನಕ್ಕೆ ಒಬ್ಬರಂತೆ ಕಡ್ಡಾಯ ಮಾಡುವುದು, ಕೂಲಿಯನ್ನು ಟಿಕೆಟ್ಟಿನಲ್ಲೇ ಸೇರಿಸಿ ವಸೂಲು ಮಾಡುವುದು ಆಗಬೇಕಾದ ಕೆಲಸ. 300 ಜನಕ್ಕೆ 30 ಗೈಡ್‌ಗಳು. ಗೈಡ್ ಇದ್ದ ತಂಡ ದಾರಿ ತಪ್ಪುವುದಿಲ್ಲ, ಅಡ್ಡದಾರಿ ಹಿಡಿಯುವುದಿಲ್ಲ.

ಸೋಮವಾರಪೇಟೆ ಕಡೆಯಿಂದ ಹೋಗುವವರು ಗಮನಿಸಬೇಕಾದ್ದು ಬೇರೆ. ಚಾರಣದ ಹಂಗಾಮು ಮತ್ತು ಕಾಫಿ ಕುಯ್ಲಿನ ಹಂಗಾಮು ಬಹುಪಾಲು ಒಟ್ಟಿಗೇ ಬರುತ್ತವೆ. ಆ ಕಿರಿದಾದ ರಸ್ತೆಗಳಲ್ಲಿ ಬೆಳಿಗ್ಗೆ ಕೆಲಸದವರ ಜೀಪು, ಸಂಜೆ ಕಾಫಿ ಮೂಟೆಯ ಪಿಕಪ್ ಓಡಾಡುತ್ತವೆ. ತೋಟದ ಗೇಟಿನ ಮುಂದೆ ಕಾರು ನಿಲ್ಲಿಸಿ ಬೆಟ್ಟಕ್ಕೆ ಹೋದರೆ ಸಂಜೆಯವರೆಗೆ ಒಂದು ಮನೆಯ ಕೆಲಸ ನಿಂತಂತೆ. ಮನೆಯಂಗಳದಲ್ಲಿ, ಕಣದಲ್ಲಿ ಹರವಿರುವ ಕಾಫಿ ಅವರ ವರ್ಷದ ದುಡಿಮೆ. ಗಾಡಿ ತಿರುಗಿಸಲು ಜಾಗ ಎಂದು ಅದರ ಅಂಚಿಗೆ ಚಕ್ರ ಹತ್ತಿಸುವವರಿದ್ದಾರೆ. ಸೋಮವಾರಪೇಟೆಯಲ್ಲೇ ಕಾರು ಬಿಟ್ಟು ಸ್ಥಳೀಯ ಜೀಪು ಗೊತ್ತು ಮಾಡಿಕೊಂಡರೆ ಎರಡು ಸಮಸ್ಯೆ ಒಟ್ಟಿಗೆ ಮುಗಿಯುತ್ತವೆ.

ತುದಿಯಲ್ಲಿ ಕಲ್ಲಿನ ಪುಟ್ಟ ಗುಡಿಯಿದೆ. ಇಲ್ಲಿಯವರಿಗೆ ಇದು ಸುಬ್ರಹ್ಮಣ್ಯನ ಬೆಟ್ಟ. ಚಾರಣದ ‘ಪಾಯಿಂಟ್’ ಎಂಬ ಭಾವನೆ ಆಮೇಲಿನದು. ಗುಡಿಯ ಮೇಲೆ ಹತ್ತಿ ಫೋಟೋ, ಅದರ ನೆರಳಲ್ಲಿ ಮಾಂಸದ ಪೊಟ್ಟಣ, ಬಿಯರು ಬೇಡ. ಕುಮಾರಧಾರೆಯಲ್ಲಿ ಸಿಗುವ ಲಿಂಗಾಕಾರದ ನುಣುಪು ಕಲ್ಲುಗಳನ್ನು ಕುಮಾರಲಿಂಗವೆಂದು ಪೂಜಿಸುತ್ತಾರೆ. ನೆನಪಿಗೆಂದು ಜೇಬಿಗಿಳಿಸಬೇಡಿ. ವನ್ಯಜೀವಿಧಾಮದಿಂದ ಏನನ್ನೂ ಹೊರತರುವಂತಿಲ್ಲ, ಕಲ್ಲನ್ನೂ ಸೇರಿ.

ಒಂದು ದಿನದ ವೇಳಾಪಟ್ಟಿ

ಕುಕ್ಕೆಯಿಂದ ಹೋಗಿಬರಲು ನಡಿಗೆಯೇ 24ರಿಂದ 26 ಕಿಲೋಮೀಟರ್. ರೂಢಿಯಿದ್ದವರಿಗೆ ಹತ್ತಲು ಐದು ಗಂಟೆ, ಉಳಿದವರಿಗೆ ಆರರಿಂದ ಏಳು. ಇಳಿಯಲು ನಾಲ್ಕರಿಂದ ಐದು. ಚೆಕ್‌ಪೋಸ್ಟಿನಿಂದ ಮೇಲೆ ರಾತ್ರಿ ತಂಗುವಂತಿಲ್ಲ. ಹಾಗಾಗಿ ಹಿಂದಿನ ದಿನವೇ ಕುಕ್ಕೆಗೆ ಬಂದು ಮಲಗಿ. ಶುಕ್ರವಾರ ರಾತ್ರಿ ಹೊರಟು ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆಗೆಟ್ಟು ಬಂದು ಬೆಳಿಗ್ಗೆ ಹತ್ತುವ ಪದ್ಧತಿಯೇ ಅಪಾಯದ ಮೂಲ. ಆ ಟಿಟಿಯ ಚಾಲಕನೂ ಮನುಷ್ಯ, ಅವನೇ ಶನಿವಾರ ರಾತ್ರಿ ನಿಮ್ಮನ್ನು ವಾಪಸು ಒಯ್ಯಬೇಕು.

ಬಾಗಿಲು ತೆರೆದ ಕೂಡಲೇ ಹೊರಡಿ. ಒಂಬತ್ತರೊಳಗೆ ಗಿರಿಗದ್ದೆ ಮುಟ್ಟದಿದ್ದರೆ ತುದಿಯ ಆಸೆ ಬಿಟ್ಟು ಕಲ್ಲು ಮಂಟಪದವರೆಗೆ ಹೋಗಿ ಬನ್ನಿ. ಅಲ್ಲಿಂದ ಕಾಣುವ ಸಾಲು ಬೆಟ್ಟಗಳು ಕಡಿಮೆಯವೇನಲ್ಲ. ಮಧ್ಯಾಹ್ನ 12.30ಕ್ಕೆ ಎಲ್ಲಿದ್ದರೂ ಹಿಂದಿರುಗಬೇಕು, ತುದಿ ಇನ್ನೂರು ಹೆಜ್ಜೆ ದೂರವಿದ್ದರೂ. ಮಂಜು ಕವಿದರೆ ಶೇಷ ಪರ್ವತದ ಮೇಲೆ ಹತ್ತು ಅಡಿ ಮುಂದಿನದು ಕಾಣುವುದಿಲ್ಲ. ಒಂದು ಬದಿಗೆ ಪ್ರಪಾತ. ಕೊನೆಯ ಕಾಡಿನ ಹಾದಿಗೆ ಸಂಜೆ ಐದಕ್ಕೇ ಕತ್ತಲು. ಪ್ರತಿಯೊಬ್ಬರ ಬಳಿಯೂ ತಲೆಗೆ ಕಟ್ಟುವ ಟಾರ್ಚ್ ಇರಲಿ, ಮೊಬೈಲ್ ಬೆಳಕನ್ನು ನಂಬಬೇಡಿ. ತಂಡದ ಅತ್ಯಂತ ನಿಧಾನದವರು ಮುಂದೆ ನಡೆಯಲಿ, ದಾರಿ ಗೊತ್ತಿರುವವರು ಕೊನೆಗೆ. ಇದನ್ನು ಉಲ್ಟಾ ಮಾಡಿದಾಗಲೇ ಜನ ಕಳೆದುಹೋಗುವುದು.

ಟೂರ್ ನಡೆಸುವವರಿಗೆ ಹಣ ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಟಿಕೆಟ್ ನನ್ನ ಹೆಸರು, ನನ್ನ ಗುರುತಿನ ಚೀಟಿಯ ಮೇಲೆಯೇ ಆಗಿದೆಯೇ? ಸ್ಥಳೀಯ ಗೈಡ್ ಇದ್ದಾರೆಯೇ, ಎಷ್ಟು ಜನಕ್ಕೆ ಒಬ್ಬರು? ತಿಂಡಿ ಯಾವುದರಲ್ಲಿ ಕೊಡುತ್ತೀರಿ? ಮೊದಲನೆಯದಕ್ಕೆ ‘ಅಲ್ಲೇ ನೋಡ್ಕೋಣ’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.

ಒಂದೇ ಬೆಟ್ಟದ ಮಿತಿ ಸಾಲದು

ಕುಮಾರ ಪರ್ವತಕ್ಕೆ ಟಿಕೆಟ್ ಸಿಗದವರು ಮನೆಗೆ ಹೋಗುವುದಿಲ್ಲ, ಪಕ್ಕದ ಬೆಟ್ಟಕ್ಕೆ ಹೋಗುತ್ತಾರೆ. ಆದ್ದರಿಂದ ಮಿತಿ ಎಲ್ಲ ಕಡೆ ಒಟ್ಟಿಗೆ ಬರಬೇಕು. ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ವಾಹನಗಳಿಗೆ ಇ-ಪಾಸ್ ಬಂತು. ಮುಳ್ಳಯ್ಯನಗಿರಿ ಭಾಗಕ್ಕೆ 2025ರ ಸೆಪ್ಟೆಂಬರ್‌ನಿಂದ ಬೆಳಿಗ್ಗೆ 600, ಮಧ್ಯಾಹ್ನ 600 ವಾಹನಗಳ ಮಿತಿ ಬಂತು. ಅಲ್ಲಿ ಎಣಿಸುವುದು ವಾಹನ, ಇಲ್ಲಿ ಎಣಿಸುವುದು ತಲೆ. ಎರಡನ್ನೂ ಒಂದೇ ಜಾಲತಾಣದಲ್ಲಿ ತೋರಿಸಿ, ‘ಈ ಶನಿವಾರ ಎಲ್ಲೆಲ್ಲಿ ಜಾಗ ಇದೆ’ ಎಂದು ಒಂದೇ ನೋಟಕ್ಕೆ ಕಾಣುವಂತೆ ಮಾಡಿದರೆ ಜನ ರಾತ್ರಿ ಹೊರಟು ಬಂದು ಗೇಟಿನಲ್ಲಿ ಜಗಳವಾಡುವುದು ತಪ್ಪುತ್ತದೆ.

ಇಲಾಖೆಯ ಮುಂದೆ ಉಳಿದಿರುವ ಕೆಲಸಗಳಲ್ಲಿ ಎರಡನ್ನು ನಾವು ಮೊದಲು ಇಡುತ್ತೇವೆ. ಒಂದು, ಚೆಕ್‌ಪೋಸ್ಟಿನಲ್ಲಿ ನೀರು ಬೇಡದ, ಮರದ ಪುಡಿ ಮತ್ತು ತರಗೆಲೆ ಹಾಕುವ ಗೊಬ್ಬರ ಶೌಚಾಲಯ: ಎರಡು ಗುಂಡಿ, ಒಂದು ತುಂಬಿದರೆ ಅದನ್ನು ಮುಚ್ಚಿ ಇನ್ನೊಂದು ತೆರೆಯುವುದು, ತೊರೆಯಿಂದ ದೂರ, ಮಳೆನೀರು ನುಗ್ಗದ ಎತ್ತರದ ಕಟ್ಟೆಯ ಮೇಲೆ. ಇನ್ನೊಂದು, ಟಿಕೆಟ್ಟಿನ ಹಣದ ನಿಗದಿತ ಪಾಲು ಎರಡೂ ಬುಡದ ಊರುಗಳ ಪರಿಸರ ಅಭಿವೃದ್ಧಿ ಸಮಿತಿಗಳಿಗೆ ನೇರ ಹೋಗುವುದು, ಅದರಿಂದ ಮುಂಗಾರಿಗೆ ಮೊದಲು ಹಾದಿ ದುರಸ್ತಿಯ ಕೂಲಿ, ಬೇಸಿಗೆಯಲ್ಲಿ ಬೆಂಕಿ ಕಾವಲಿನ ಕೂಲಿ, ವರ್ಷವಿಡೀ ಹುಡುಕಾಟ–ರಕ್ಷಣೆಗೆ ಹೋದವರ ದಿನಗೂಲಿ ಮತ್ತು ವಿಮೆ. ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಪ್ರತಿ ಹಂಗಾಮಿನ ಕೊನೆಗೆ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.